ಎಂ.ಎಸ್.ಗೆ ಯಾವ ‘ಮ್ಯಾಬ್’? ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೂತು ಮಾಡಿದ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಒಂದು ಮೆಡಿಕಲ್ ಶಾಪ್ ನಡೆಸುತ್ತೇನೆ. ಬಿ.ಪಿ., ಶುಗರ್, ಕೆಮ್ಮಿನ ಸಿರಪ್ಪುಗಳ ನಡುವೆ ಇಪ್ಪತ್ತು ವರ್ಷ ಕಳೆದವನು. ಎಂ.ಎಸ್., ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರದ ಕಾಯಿಲೆಯ ಹೆಸರು ನಮ್ಮ ಮನೆಯೊಳಗೆ ಬಂದದ್ದು ಅಕ್ಕನ ಮಗಳಿಂದ. ಆಗ ಅವಳಿಗೆ 26 ವರ್ಷ. ಒಂದು ಸಂಜೆ ಅಂಗಡಿಗೆ ಬಂದು, “ಮಾಮ, ಎಡಗಣ್ಣಲ್ಲಿ ನೋಡಿದ್ರೆ ಕುಂಕುಮ ಇಟ್ಟಿಗೆ ಪುಡಿ ಥರ ಕಾಣುತ್ತೆ” ಅಂದಳು. ಕಣ್ಣು ಹೊರಳಿಸಿದರೆ ನೋವು ಅಂತಲೂ ಹೇಳಿದಳು. ನಾನು ಕಣ್ಣಿನ ಡ್ರಾಪ್ಸ್ ಕೊಟ್ಟು ಕಳಿಸಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಬಣ್ಣ ಮಾಸಿದ ಹಾಗೆ ಕಾಣುವುದು, ಕಣ್ಣು ಆಡಿಸಿದರೆ ನೋವು, ಇವೆರಡೂ ಕಣ್ಣಿನ ನರ ಊದಿಕೊಂಡಿರುವ ಲಕ್ಷಣ.

ಆಮೇಲೆ ಕಣ್ಣಿನ ಡಾಕ್ಟರು, ಎಂ.ಆರ್.ಐ., ಬೆಂಗಳೂರು, ಬೆನ್ನುಹುರಿಯ ನೀರು ತೆಗೆದು ಪರೀಕ್ಷೆ. ಕೊನೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಗೊತ್ತಾಯಿತು. ಅದರಲ್ಲಿ ರಿಲ್ಯಾಪ್ಸಿಂಗ್ ಅನ್ನುವ ಬಗೆ, ಅಂದರೆ ಬಂದು, ಸ್ವಲ್ಪ ಇಳಿದು, ಮತ್ತೆ ಬರುವಂಥದ್ದು. ನರದ ಡಾಕ್ಟರು ಚೀಟಿಯಲ್ಲಿ ಮೂರು ಔಷಧದ ಹೆಸರು ಬರೆದು, “ಮನೇಲಿ ಮಾತಾಡ್ಕೊಂಡು ಬನ್ನಿ” ಅಂದರು. ಮೂರೂ ‘ಮ್ಯಾಬ್’ ಅಂತ ಮುಗಿಯುವ ಹೆಸರುಗಳು. ಮ್ಯಾಬ್ ಅಂದರೆ ಮಾನೋಕ್ಲೋನಲ್ ಆಂಟಿಬಾಡಿ, ಒಂದೇ ಗುರಿಗೆ ಹೋಗಿ ಅಂಟುವ ಹಾಗೆ ಲ್ಯಾಬಿನಲ್ಲಿ ಮಾಡಿದ ಪ್ರೋಟೀನ್. ಆ ಚೀಟಿ ಇಟ್ಟುಕೊಂಡು ನಾವು ಎರಡು ವಾರ ಓದಿದೆವು, ಕೇಳಿದೆವು, ಜಗಳವನ್ನೂ ಆಡಿದೆವು. ಈಗ ಚಿತ್ರದುರ್ಗ, ಹರಿಹರದ ಕಡೆಯಿಂದಲೂ ಇಂಥ ಚೀಟಿ ಹಿಡಿದು ಅಂಗಡಿಗೆ ಬರುವವರಿದ್ದಾರೆ. “ಅಣ್ಣಾ, ಇದರಲ್ಲಿ ಯಾವುದು ಸ್ಟ್ರಾಂಗು?” ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಇದರಲ್ಲಿ ಯಾವುದನ್ನು ನೀವು ಹತ್ತು ವರ್ಷ ತಪ್ಪಿಸದೆ ತಗೋಬಲ್ಲಿರಿ?

ಚೀಟಿ ನೋಡುವ ಮುಂಚೆ

ಒಂದು ವಿಷಯ ಖಚಿತ ಆಗದೆ ಮುಂದೆ ಹೋಗಬೇಡಿ. ಇದು ನಿಜವಾಗಿ ಎಂ.ಎಸ್. ಹೌದಾ? ಇದರ ಹಾಗೇ ಕಾಣುವ ಬೇರೆ ಎರಡು ಕಾಯಿಲೆಗಳಿವೆ. ಒಂದನ್ನು ಎನ್.ಎಂ.ಒ. ಅನ್ನುತ್ತಾರೆ, ಇನ್ನೊಂದನ್ನು ಮಾಗ್. ಅವೂ ಕಣ್ಣಿನ ನರಕ್ಕೆ, ಬೆನ್ನುಹುರಿಗೆ ಕೈ ಹಾಕುತ್ತವೆ. ಎನ್.ಎಂ.ಒ. ಇದ್ದವರಿಗೆ ತಪ್ಪಿ ನಟಲಿಜುಮ್ಯಾಬ್ ಅಥವಾ ಹಳೆಯ ಇಂಟರ್‌ಫೆರಾನ್ ಇಂಜೆಕ್ಷನ್ ಕೊಟ್ಟರೆ ಕಾಯಿಲೆ ಇನ್ನೂ ಕೆಡುತ್ತದೆ. ಅಕ್ವಾಪೊರಿನ್-4, ಮಾಗ್ ಅನ್ನುವ ಎರಡು ರಕ್ತ ಪರೀಕ್ಷೆಗಳು ಇದಕ್ಕಾಗಿಯೇ ಇವೆ. ನಿಮ್ಮ ಫೈಲಿನಲ್ಲಿ ಅವು ಇಲ್ಲದಿದ್ದರೆ, “ಸರ್, ಇವು ನಮಗೆ ಬೇಕಾ?” ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೋರ್‌ವೆಲ್ ಕೇಬಲ್, ಏಳು ಸುತ್ತಿನ ಕೋಟೆ

ತೋಟದಲ್ಲಿ ಪಂಪ್‌ಸೆಟ್ ಇಟ್ಟವರಿಗೆ ಇದು ಬೇಗ ಅರ್ಥ ಆಗುತ್ತದೆ. ಕೇಬಲ್ಲಿನ ಸಿಪ್ಪೆಯನ್ನು ಇಲಿ ಕಡಿದರೆ ಮೋಟರು ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ಮಿದುಳು, ಬೆನ್ನುಹುರಿಯ ನರಗಳ ಮೇಲೂ ಮಯಲಿನ್ ಅನ್ನುವ ಸಿಪ್ಪೆ ಇದೆ. ಎಂ.ಎಸ್.ನಲ್ಲಿ ಅದನ್ನು ಕಡಿಯುವುದು ನಮ್ಮದೇ ಬಿಳಿ ರಕ್ತಕಣಗಳು. ಕಾವಲಿಗೆ ಇಟ್ಟವರೇ ಮನೆಯವರನ್ನು ಹೊಡೆದ ಹಾಗೆ. ಈ ಮ್ಯಾಬ್ ಔಷಧಗಳು ಕಳೆದುಹೋದ ಸಿಪ್ಪೆಯನ್ನು ಮತ್ತೆ ಬೆಳೆಸುವುದಿಲ್ಲ. ಮುಂದಿನ ಕಡಿತವನ್ನು ತಡೆಯುತ್ತವೆ ಅಷ್ಟೆ. “ಇಂಜೆಕ್ಷನ್ ಕೊಟ್ಟರೂ ಕಾಲಿನ ಜೋಮು ಹೋಗಲಿಲ್ಲ” ಅಂತ ಔಷಧ ನಿಲ್ಲಿಸಿದವರನ್ನು ನೋಡಿದ್ದೇನೆ. ಜೋಮು ಹಳೆಯ ಗಾಯದ್ದು. ಔಷಧ ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನುವುದು ಹೊಸ ಗಾಯ ಬಂದಿದೆಯಾ ಅನ್ನುವುದರಲ್ಲಿ ಗೊತ್ತಾಗುತ್ತದೆ.

ತಡೆಯುವ ದಾರಿ ಮೂರು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಟಲಿಜುಮ್ಯಾಬ್ ಬಾಗಿಲು ಹಾಕುತ್ತದೆ. ಸೈನಿಕರು ಊರಲ್ಲಿ ಹಾಗೇ ಇರುತ್ತಾರೆ, ಮಿದುಳಿನ ಕೋಟೆಯೊಳಗೆ ಮಾತ್ರ ಹೋಗಲಾರರು. ರಿಟುಕ್ಸಿಮ್ಯಾಬ್, ಓಕ್ರೆಲಿಜುಮ್ಯಾಬ್, ಓಫಟುಮುಮ್ಯಾಬ್, ಉಬ್ಲಿಟುಕ್ಸಿಮ್ಯಾಬ್ ಈ ನಾಲ್ಕೂ ಸೈನ್ಯದ ಒಂದು ತುಕಡಿಯನ್ನು ಮಾತ್ರ ತೆಗೆಯುತ್ತವೆ. ಸಿಡಿ20 ಅನ್ನುವ ಗುರುತಿರುವ ಬಿ-ಕಣಗಳ ತುಕಡಿ ಅದು. ಅಲೆಮ್ಟುಜುಮ್ಯಾಬ್ ಹೆಚ್ಚುಕಡಿಮೆ ಇಡೀ ಸೈನ್ಯವನ್ನೇ ಮನೆಗೆ ಕಳಿಸಿ ಹೊಸ ಭರ್ತಿ ಶುರು ಮಾಡುತ್ತದೆ.

ಹೆಸರಿನ ಬಾಲದಲ್ಲೂ ಒಂದು ಗುಟ್ಟಿದೆ. ‘ಕ್ಸಿಮ್ಯಾಬ್’ ಅಂದರೆ ಆ ಆಂಟಿಬಾಡಿಯಲ್ಲಿ ಇಲಿಯ ಅಂಶ ಸ್ವಲ್ಪ ಉಳಿದಿದೆ. ‘ಜುಮ್ಯಾಬ್’ ಅಂದರೆ ಬಹುಪಾಲು ಮನುಷ್ಯರದ್ದು. ‘ಉಮ್ಯಾಬ್’ ಅಂದರೆ ಪೂರ್ತಿ ಮನುಷ್ಯರದ್ದು. ಇಲಿಯ ಅಂಶ ಜಾಸ್ತಿ ಇದ್ದಷ್ಟೂ ಮೈ ಅದನ್ನು ಪರಕೀಯ ಅಂತ ಗುರುತಿಸುವ ಸಾಧ್ಯತೆ ಹೆಚ್ಚು. ಮೊದಲ ಡ್ರಿಪ್‌ನಲ್ಲಿ ಗಂಟಲು ಕೆರೆತ, ಚಳಿ ಬರುವುದಕ್ಕೆ ಇದೂ ಒಂದು ಕಾರಣ. ಸಿಪ್ಪೆ ಕಡಿಯುವ ಇಲಿಗೂ ಈ ಇಲಿಗೂ ಸಂಬಂಧ ಇಲ್ಲ, ಗೊಂದಲ ಬೇಡ.

68 ದೊಡ್ಡದಾ, 46 ದೊಡ್ಡದಾ?

ನಾವು ಮೊದಲು ಮೋಸ ಹೋದದ್ದು ಅಂಕಿಗಳಲ್ಲಿ. ಅಕ್ಕನ ಮಗ, ಅಂದರೆ ಹುಡುಗಿಯ ತಮ್ಮ, ಲ್ಯಾಪ್‌ಟಾಪ್ ಹಿಡಿದು ಪಟ್ಟಿ ಮಾಡಿದ. ನಟಲಿಜುಮ್ಯಾಬ್ ರಿಲ್ಯಾಪ್ಸ್ ಅನ್ನು 68% ಕಡಿಮೆ ಮಾಡಿತು. ಓಕ್ರೆಲಿಜುಮ್ಯಾಬ್ 46-47%. ಅಲೆಮ್ಟುಜುಮ್ಯಾಬ್ ಸುಮಾರು 50%. “ಸಿಂಪಲ್, ನಟಲಿಜುಮ್ಯಾಬೇ ಫಸ್ಟು” ಅಂದ.

ಅವನು ಕ್ರಿಕೆಟ್ ಆಡುವವನು. ಅವನಿಗೆ ಅವನ ಭಾಷೆಯಲ್ಲೇ ಹೇಳಿದೆ. ಗಲ್ಲಿ ಬೌಲರ್ ಎದುರು ಹೊಡೆದ 68, ರಣಜಿ ಬೌಲರ್ ಎದುರು ಹೊಡೆದ 46, ಎರಡನ್ನೂ ಒಂದೇ ಸ್ಕೋರ್‌ಬೋರ್ಡಿನಲ್ಲಿ ಬರೆಯೋಕಾಗುತ್ತಾ? ನಟಲಿಜುಮ್ಯಾಬ್‌ನ ಆ ಅಧ್ಯಯನದಲ್ಲಿ ಎದುರಿಗಿದ್ದದ್ದು ಔಷಧವೇ ಇಲ್ಲದ ಹುಸಿ ಡ್ರಿಪ್ (ಪ್ಲಾಸಿಬೊ). ಓಕ್ರೆಲಿಜುಮ್ಯಾಬ್, ಅಲೆಮ್ಟುಜುಮ್ಯಾಬ್ ಎದುರು ಇದ್ದದ್ದು ಇಂಟರ್‌ಫೆರಾನ್ ಅನ್ನುವ ನಿಜವಾದ ಔಷಧ. ಓಫಟುಮುಮ್ಯಾಬ್ ಎದುರು ಟೆರಿಫ್ಲುನೊಮೈಡ್ ಮಾತ್ರೆ ಇತ್ತು. ಅಲ್ಲಿ ವರ್ಷದ ರಿಲ್ಯಾಪ್ಸ್ ದರ ಒಂದು ಅಧ್ಯಯನದಲ್ಲಿ 0.11ಕ್ಕೆ 0.22, ಇನ್ನೊಂದರಲ್ಲಿ 0.10ಕ್ಕೆ 0.25. ಅಂದರೆ ಅರ್ಧಕ್ಕಿಂತ ಕೆಳಗೆ ಅಥವಾ ಸರಿಯಾಗಿ ಅರ್ಧ. ಎದುರಾಳಿ ಬೇರೆ ಇರುವಾಗ ಶೇಕಡಾವಾರು ಪಕ್ಕಪಕ್ಕ ಇಡುವುದು ಸುಮ್ನೆ.

ಈ ಔಷಧಗಳೆಲ್ಲವೂ ಪ್ರಬಲ ಗುಂಪಿನವು. ಅವುಗಳ ನಡುವೆ ಬಲದ ವ್ಯತ್ಯಾಸಕ್ಕಿಂತ ಬದುಕಿನ ವ್ಯತ್ಯಾಸ ದೊಡ್ಡದು. ಎಷ್ಟು ಸಲ ಪ್ರಯಾಣ, ಯಾವ ಪರೀಕ್ಷೆ, ಯಾವ ಅಪಾಯ, ಎಷ್ಟು ದುಡ್ಡು, ಮಗು ಬೇಕಾ, ಇವೇ ನಿಜವಾದ ಕಾಲಮ್ಮುಗಳು. ಅವನ ಪಟ್ಟಿಯನ್ನು ಹರಿದು ಹಾಕಿ ಹೊಸದು ಮಾಡಿದೆವು.

ನಟಲಿಜುಮ್ಯಾಬ್: ಬೇಗ ಹಿಡಿಯುತ್ತದೆ, ಸುಲಭಕ್ಕೆ ಬಿಡುವುದಿಲ್ಲ

ಇದು ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ, ಒಂದು ಗಂಟೆಯ ಡ್ರಿಪ್. ಬೇಗ ಕೆಲಸ ಶುರು ಮಾಡುತ್ತದೆ. ಮೇಲಿಂದ ಮೇಲೆ ಅಟ್ಯಾಕ್ ಬರುತ್ತಿರುವವರಿಗೆ ಡಾಕ್ಟರು ಇದನ್ನು ಯೋಚಿಸುವುದು ಅದಕ್ಕೇ. ಬಿ-ಕಣಗಳು ಊರಲ್ಲಿ ಹಾಗೇ ಇರುವುದರಿಂದ ಲಸಿಕೆಗಳು ಸಿಡಿ20 ಔಷಧಗಳಿಗಿಂತ ಚೆನ್ನಾಗಿ ಹತ್ತುತ್ತವೆ.

ಕಷ್ಟ ಇರುವುದು ಕೋಟೆಯ ಕಿಂಡಿಯಲ್ಲಿ. ಜೆ.ಸಿ. ಅನ್ನುವ ವೈರಸ್ಸು ನಮ್ಮಲ್ಲಿ ಅರ್ಧಕ್ಕೂ ಹೆಚ್ಚು ಜನರ ಮೈಯಲ್ಲಿ ಸದ್ದಿಲ್ಲದೆ ಇರುತ್ತದೆ. ಬಾಗಿಲು ಹಾಕಿ ಸೈನಿಕರನ್ನು ಹೊರಗಿಟ್ಟರೆ, ಕಿಂಡಿಯಲ್ಲಿ ಅದು ನುಸುಳಿದಾಗ ಒನಕೆ ಹಿಡಿದು ನಿಲ್ಲುವ ಓಬವ್ವ ಒಳಗೆ ಇರುವುದಿಲ್ಲ. ಆಗ ಬರುವ ಮಿದುಳಿನ ಸೋಂಕಿಗೆ ಪಿ.ಎಂ.ಎಲ್. ಅನ್ನುತ್ತಾರೆ. ಅದು ಜೀವ ತೆಗೆಯಬಹುದು, ಉಳಿದರೂ ಅಂಗವೈಕಲ್ಯ ಬಿಟ್ಟು ಹೋಗಬಹುದು. 2004ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧವನ್ನು 2005ರ ಫೆಬ್ರವರಿಯಲ್ಲಿ ವಾಪಸ್ ತೆಗೆದುಕೊಂಡದ್ದು ಇದರಿಂದಲೇ. 2006ರಲ್ಲಿ ಕಟ್ಟುನಿಟ್ಟಿನ ನಿಗಾದೊಂದಿಗೆ ಮತ್ತೆ ಬಂತು.

ಅಪಾಯ ಎಲ್ಲರಿಗೂ ಒಂದೇ ಅಲ್ಲ. ಜೆ.ಸಿ. ವೈರಸ್ ಆಂಟಿಬಾಡಿ ಪರೀಕ್ಷೆ ನೆಗೆಟಿವ್ ಇದ್ದರೆ 10,000ಕ್ಕೆ ಒಬ್ಬರ ಆಸುಪಾಸು. ಪಾಸಿಟಿವ್ ಇದ್ದರೆ ‘ಇಂಡೆಕ್ಸ್’ ಅಂತ ಒಂದು ಅಂಕಿ ಕೊಡುತ್ತಾರೆ. ಅದು 0.9ಕ್ಕಿಂತ ಕೆಳಗಿದ್ದರೆ ಅಪಾಯ ಕಡಿಮೆ, 1.5 ದಾಟಿದರೆ ಜಾಸ್ತಿ. ಎರಡು ವರ್ಷ ಮೀರಿ ತೆಗೆದುಕೊಂಡರೆ ಏರುತ್ತದೆ. ಹಿಂದೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗಿದ್ದರೆ ಇನ್ನೂ ಏರುತ್ತದೆ. ನಮ್ಮ ಕಡೆ ದುಡ್ಡಿನ ಕಾರಣಕ್ಕೆ ಮೊದಲು ಅಜಥಯೋಪ್ರಿನ್ ಕೊಟ್ಟಿರುವವರು ಇದ್ದಾರೆ. ಅದನ್ನು ಹೊಸ ಡಾಕ್ಟರಿಗೆ ಹೇಳಲು ಮರೆಯಬೇಡಿ. ಇವತ್ತು ನೆಗೆಟಿವ್ ಇದ್ದವರು ಮುಂದೆ ಪಾಸಿಟಿವ್ ಆಗಬಹುದು. ಹಾಗಾಗಿ ಆರು ತಿಂಗಳಿಗೊಮ್ಮೆ ಪರೀಕ್ಷೆ ಬೇಕು.

ಇನ್ನೊಂದು ಮಾತು ನಮಗೆ ಭಯ ಹುಟ್ಟಿಸಿತು. ಇದನ್ನು ಬದಲಿ ಇಲ್ಲದೆ ಏಕಾಏಕಿ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಕಾಯಿಲೆ ಮೊದಲಿಗಿಂತ ಜೋರಾಗಿ ಎದ್ದು ಬರಬಹುದು. ಬಾಗಿಲು ತೆರೆದ ತಕ್ಷಣ ಸೈನ್ಯ ಒಟ್ಟಿಗೇ ನುಗ್ಗಿದ ಹಾಗೆ. ಆಮೇಲೆ ಲೆಕ್ಕ ಹಾಕಿದೆವು. ನಾಲ್ಕು ವಾರಕ್ಕೊಮ್ಮೆ ಅಂದರೆ ವರ್ಷಕ್ಕೆ 13 ಸಲ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಹೋಗಿ ಬರೋದು 520. ವರ್ಷಕ್ಕೆ 6,700 ಕಿಲೋಮೀಟರ್ ದಾಟುತ್ತದೆ. ಆರು ತಿಂಗಳಿಗೊಮ್ಮೆಯ ಔಷಧಕ್ಕೆ 1,040 ಮಾತ್ರ. ಕಾಯಿಲೆ ಸ್ಥಿಮಿತಕ್ಕೆ ಬಂದ ಕೆಲವರಿಗೆ ಡಾಕ್ಟರು ಆರು ವಾರದ ಅಂತರ ಕೊಡುತ್ತಾರೆ, ನಿಜ. ಆದರೂ ಕೆಲಸಕ್ಕೆ ಹೋಗುವ ಹುಡುಗಿಗೆ, ತಪ್ಪಿಸಿದರೆ ತಿರುಗಿ ಹೊಡೆಯುವ ಔಷಧ ಅಷ್ಟು ದೂರದಲ್ಲಿ ಬೇಡ ಅನ್ನಿಸಿತು. ಬೆಂಗಳೂರಿನಲ್ಲೇ ಮನೆ ಇದ್ದು, ಜೆ.ಸಿ. ನೆಗೆಟಿವ್ ಇದ್ದಿದ್ದರೆ ಬಹುಶಃ ಇದನ್ನೇ ಆರಿಸುತ್ತಿದ್ದೆವು.

ಸಿಡಿ20 ಮನೆತನ: ನಾಲ್ಕು ಅಣ್ಣತಮ್ಮಂದಿರು

ಸಮಯ ಜಾಸ್ತಿ ಕಳೆದದ್ದು ಇಲ್ಲಿ. ನಾಲ್ಕರ ಕೆಲಸವೂ ಒಂದೇ. ಸ್ವಭಾವ, ಬೆಲೆ, ಕೊಡುವ ರೀತಿ ಬೇರೆ.

ಹಿರಿಯಣ್ಣ ರಿಟುಕ್ಸಿಮ್ಯಾಬ್. 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಲಿಂಫೋಮಾ ಕ್ಯಾನ್ಸರಿಗೆ. ಎಂ.ಎಸ್.ಗೆ ಅಂತ ಇದಕ್ಕೆ ಲೇಬಲ್, ಅಂದರೆ ಅಧಿಕೃತ ಒಪ್ಪಿಗೆ, ಇಲ್ಲ. ಆದರೂ ಸ್ವೀಡನ್ನಿನಲ್ಲಿ ಎಂ.ಎಸ್.ಗೆ ತುಂಬಾ ಬಳಸುವ ಔಷಧ ಇದೇ. ಅಲ್ಲಿನ ಒಂದು ಅಧ್ಯಯನ 2022ರಲ್ಲಿ ಬಂತು. ಎರಡು ವರ್ಷದಲ್ಲಿ ರಿಟುಕ್ಸಿಮ್ಯಾಬ್ ತೆಗೆದುಕೊಂಡವರಲ್ಲಿ 3% ಜನಕ್ಕೆ ರಿಲ್ಯಾಪ್ಸ್ ಆಯಿತು. ಡೈಮಿಥೈಲ್ ಫ್ಯೂಮರೇಟ್ ಮಾತ್ರೆ ತೆಗೆದುಕೊಂಡವರಲ್ಲಿ 16%. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಗತ್ಯ ಔಷಧಗಳ ಪಟ್ಟಿಗೆ ಮೊದಲ ಬಾರಿ ಎಂ.ಎಸ್. ಔಷಧಗಳನ್ನು ಸೇರಿಸಿದಾಗ ಆ ಮೂರರಲ್ಲಿ ಇದೂ ಒಂದು.

ನಮ್ಮ ದೇಶಕ್ಕೆ ಇದರಲ್ಲಿ ಒಂದು ಹೆಮ್ಮೆ ಇದೆ. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಇದರ ಬಯೋಸಿಮಿಲರ್ ಅನ್ನು, ಅಂದರೆ ಮೂಲ ಔಷಧವನ್ನೇ ಹೋಲುವಂತೆ ಬೇರೆ ಕಂಪನಿ ಮಾಡಿದ ರೂಪವನ್ನು, ರೆಡಿಟಕ್ಸ್ ಹೆಸರಲ್ಲಿ ತಂದಿತು. ಈಗ ಬೇರೆ ಕಂಪನಿಗಳದ್ದೂ ಇವೆ. ಅದರಿಂದಲೇ ಬೆಲೆ ಓಕ್ರೆಲಿಜುಮ್ಯಾಬ್‌ಗೆ ಹೋಲಿಸಿದರೆ ಹಲವು ಪಟ್ಟು ಕಡಿಮೆ. ಇನ್ನೊಂದು ಅನುಕೂಲ ಜನ ಗಮನಿಸುವುದಿಲ್ಲ. ಕ್ಯಾನ್ಸರ್ ಮತ್ತು ಕೀಲುವಾತದವರಿಗೆ ಇದನ್ನು ಎಷ್ಟೋ ವರ್ಷದಿಂದ ಕೊಡುತ್ತಿದ್ದಾರೆ. ಮೆಡಿಕಲ್ ಕಾಲೇಜು ಇರುವ ದಾವಣಗೆರೆ, ಚಿತ್ರದುರ್ಗದಂಥ ಊರಿನಲ್ಲಿ ಇದನ್ನು ಹಾಕಿ ಗೊತ್ತಿರುವ ಸಿಸ್ಟರ್ ಸಿಗುತ್ತಾರೆ. ಬೆಂಗಳೂರಿನ ಡಾಕ್ಟರು ಬರೆದುಕೊಟ್ಟರೆ ಡ್ರಿಪ್ ಊರಲ್ಲೇ ಹಾಕಿಸಬಹುದಾ ಅಂತ ಕೇಳಿ ನೋಡಿ.

ಸಾಮಾನ್ಯವಾಗಿ ಶುರುವಿಗೆ 1,000 ಮಿಲಿಗ್ರಾಂ, ಆಮೇಲೆ ಆರು ತಿಂಗಳಿಗೊಮ್ಮೆ 500 ಅಥವಾ 1,000. ಮೊದಲ ಡ್ರಿಪ್ ನಿಧಾನ, ಗಂಟೆಗೆ 50 ಮಿಲಿಗ್ರಾಂನಿಂದ ಶುರು ಮಾಡಿ ಅರ್ಧ ಗಂಟೆಗೊಮ್ಮೆ ಏರಿಸುತ್ತಾರೆ. ಬೆಳಗ್ಗೆ ಹೋದರೆ ಸಂಜೆ. ಬಿ.ಪಿ. ಇಳಿಯಬಹುದಾದ್ದರಿಂದ ಬಿ.ಪಿ. ಮಾತ್ರೆ ನುಂಗುವವರು ಅವತ್ತಿನ ಮಾತ್ರೆ ಬಗ್ಗೆ ಮೊದಲೇ ಕೇಳಬೇಕು.

ಎರಡನೆಯವನು ಓಕ್ರೆಲಿಜುಮ್ಯಾಬ್. 2017ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಾಗ, ಮೊದಲಿನಿಂದಲೇ ನಿಧಾನವಾಗಿ ಕೆಡುತ್ತಾ ಹೋಗುವ ಎಂ.ಎಸ್. ಬಗೆಗೂ ಸಿಕ್ಕ ಮೊದಲ ಔಷಧ ಇದಾಯಿತು. ಮೊದಲು ಎರಡು ವಾರದ ಅಂತರದಲ್ಲಿ 300 ಮಿಲಿಗ್ರಾಂ ಎರಡು ಸಲ, ಆಮೇಲೆ ಆರು ತಿಂಗಳಿಗೆ 600. ದೊಡ್ಡ ಅಧ್ಯಯನ, ಎಂ.ಎಸ್.ಗೇ ಅಂತ ಲೇಬಲ್, ಎಲ್ಲ ಅಚ್ಚುಕಟ್ಟು. ‘ಜುಮ್ಯಾಬ್’ ಬಾಲ ಇದ್ದರೂ ಡ್ರಿಪ್ ವೇಳೆಯ ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಅಧ್ಯಯನದಲ್ಲಿ ಮೂವರಲ್ಲಿ ಒಬ್ಬರಿಗೆ ಆಯಿತು, ಹೆಚ್ಚಿನದು ಸಣ್ಣಪುಟ್ಟದು. 2024ರಲ್ಲಿ ಚರ್ಮದಡಿ ಸುಮಾರು ಹತ್ತು ನಿಮಿಷದಲ್ಲಿ ಕೊಡುವ ರೂಪಕ್ಕೂ ಅಮೆರಿಕ, ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದೆ.

ದುಡ್ಡು ಅಡ್ಡ ಬರದಿದ್ದರೆ ಹಿರಿಯಣ್ಣನೋ ಎರಡನೆಯವನೋ? 2023ರಲ್ಲಿ ಬಂದ ಒಂದು ಅಧ್ಯಯನ ಹಲವು ದೇಶಗಳ ರೋಗಿಗಳ ದಾಖಲೆ ತೆಗೆದು ಎರಡನ್ನೂ ಹೋಲಿಸಿತು. ರಿಟುಕ್ಸಿಮ್ಯಾಬ್ ತೆಗೆದುಕೊಂಡವರಲ್ಲಿ ರಿಲ್ಯಾಪ್ಸ್ ಸ್ವಲ್ಪ ಜಾಸ್ತಿ ಕಂಡಿತು. ಆದರೆ ಒಂದೊಂದು ಕಡೆ ಒಂದೊಂದು ಡೋಸು, ಒಂದೊಂದು ಅಂತರ. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪಿಗೆ ಹಂಚಿ ಮಾಡಿದ ಪರೀಕ್ಷೆ ಅದಲ್ಲ. ನನ್ನ ಅಭಿಪ್ರಾಯ ಇಷ್ಟು: ಇನ್ಶೂರೆನ್ಸ್ ಪೂರ್ತಿ ಕೊಡುತ್ತದೆ ಅಂದರೆ ಓಕ್ರೆಲಿಜುಮ್ಯಾಬ್ ತಗೊಳ್ಳಿ. ಸಾಲ ಮಾಡಿ ಎರಡು ಡೋಸ್ ಹಾಕಿಸಿ ಮೂರನೆಯದಕ್ಕೆ ನಿಲ್ಲುವ ಹಾಗಿದ್ದರೆ ಮೊದಲ ದಿನದಿಂದ ರಿಟುಕ್ಸಿಮ್ಯಾಬ್ ತಗೊಳ್ಳಿ. ಅದನ್ನು ‘ಬಡವರ ಔಷಧ’ ಅನ್ನುವ ಮಾತು ನನಗೆ ಇಷ್ಟವಾಗುವುದಿಲ್ಲ. ಸ್ವೀಡನ್ ಬಡ ದೇಶವಾ?

ಮೂರನೆಯವನು ಓಫಟುಮುಮ್ಯಾಬ್. 2020ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಎಂ.ಎಸ್.ಗೆ ಒಪ್ಪಿಗೆ ಆಯಿತು. ಇದಕ್ಕೆ ಆಸ್ಪತ್ರೆಯ ಹಾಸಿಗೆ ಬೇಡ. ಪೆನ್ ಥರದ ಇಂಜೆಕ್ಷನ್, 20 ಮಿಲಿಗ್ರಾಂ. ಮೊದಲ ಮೂರು ವಾರ ವಾರಕ್ಕೊಂದು, ಒಂದು ವಾರ ಬಿಟ್ಟು ಆಮೇಲೆ ತಿಂಗಳಿಗೊಂದು. ಇನ್ಸುಲಿನ್ ಹಾಕಿಕೊಳ್ಳುವ ಹಾಗೆ ಹೊಟ್ಟೆಗೋ ತೊಡೆಗೋ ತಾವೇ ಹಾಕಿಕೊಳ್ಳಬಹುದು. ಪ್ರಯಾಣ ಬೇಡ ಅನ್ನುವವರಿಗೆ, ಹೊಲದ ಕೆಲಸ ಬಿಟ್ಟು ಜೊತೆಗೆ ಬರುವವರಿಲ್ಲದವರಿಗೆ ಇದರ ಸುಖವೇ ಬೇರೆ. ಕಷ್ಟ ಎರಡು. ಒಂದು, ಪ್ರತಿ ತಿಂಗಳೂ ಅದು ಸಿಗಬೇಕು, ಅದರ ಬೆಲೆ ತೆರಬೇಕು. ಇನ್ನೊಂದು, ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕು. 30 ಡಿಗ್ರಿ ದಾಟದ ಕೋಣೆಯಲ್ಲಿ ಹೆಚ್ಚೆಂದರೆ ಏಳು ದಿನ ಹೊರಗಿಡಬಹುದು. ನಮ್ಮ ಏಪ್ರಿಲ್‌ನಲ್ಲಿ 30 ಡಿಗ್ರಿ ದಾಟದ ಕೋಣೆ ಎಲ್ಲಿದೆ ಹೇಳಿ.

ಕಿರಿಯವನು ಉಬ್ಲಿಟುಕ್ಸಿಮ್ಯಾಬ್, 2022ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ. ಮೊದಲ ಡ್ರಿಪ್ ನಾಲ್ಕು ಗಂಟೆ, ಆಮೇಲಿನವು ಒಂದೊಂದೇ ಗಂಟೆ. ಎರಡನೆಯದು ಎರಡು ವಾರಕ್ಕೆ, ಮುಂದಿನವು 24 ವಾರಕ್ಕೊಮ್ಮೆ. ನಮ್ಮ ಚೀಟಿಯಲ್ಲಿ ಇರಲಿಲ್ಲ, ಹೆಚ್ಚು ತಲೆ ಕೆಡಿಸಿಕೊಳ್ಳಲೂ ಇಲ್ಲ.

ನಾಲ್ವರಿಗೂ ಒಂದೇ ದೌರ್ಬಲ್ಯ: ಸೋಂಕು. ವರ್ಷಗಳು ಕಳೆದಂತೆ ಕೆಲವರಲ್ಲಿ ಐಜಿಜಿ ಅನ್ನುವ ರಕ್ಷಣೆಯ ಪ್ರೋಟೀನ್ ಇಳಿಯುತ್ತದೆ. ಅದು ಇಳಿದರೆ ಎದೆ, ಮೂತ್ರದ ಸೋಂಕು ಪದೇ ಪದೇ ಬರುತ್ತದೆ. ಪ್ರತಿ ಡೋಸಿನ ಮುಂಚೆ ಐಜಿಜಿ ನೋಡಿಸುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ.

ಅಲೆಮ್ಟುಜುಮ್ಯಾಬ್, ಮತ್ತು ಹೋದವನೊಬ್ಬ

ಅಲೆಮ್ಟುಜುಮ್ಯಾಬ್ ಕೇಳಲು ಆಸೆ ಹುಟ್ಟಿಸುತ್ತದೆ. ಮೊದಲ ವರ್ಷ ಐದು ದಿನ, ಮರುವರ್ಷ ಮೂರು ದಿನ, ಅನೇಕರಿಗೆ ಅಷ್ಟೇ ಸಾಕು. ಆದರೆ ಹೊಸದಾಗಿ ಭರ್ತಿಯಾದ ಸೈನ್ಯ ಥೈರಾಯ್ಡ್ ಮೇಲೆ ಬೀಳುವುದು ತೀರಾ ಸಾಮಾನ್ಯ, ಮೂವರಲ್ಲಿ ಒಬ್ಬರಿಗಾದರೂ ಆಗುತ್ತದೆ. ಕೆಲವರಲ್ಲಿ ಪ್ಲೇಟ್‌ಲೆಟ್ ಮೇಲೆ, ಅಪರೂಪಕ್ಕೆ ಕಿಡ್ನಿ ಮೇಲೆ. ಡ್ರಿಪ್ ಆದ ಒಂದೆರಡು ದಿನದಲ್ಲಿ ಪಾರ್ಶ್ವವಾಯು ಆದ ಪ್ರಕರಣಗಳೂ ಇವೆ. ಕೊನೆಯ ಡೋಸ್ ಆದ ಮೇಲೆ 48 ತಿಂಗಳು, ಪ್ರತಿ ತಿಂಗಳು ರಕ್ತ, ಮೂತ್ರ ಪರೀಕ್ಷೆ ಮಾಡಿಸಬೇಕು. ಔಷಧ ಮುಗಿದರೂ ಲ್ಯಾಬ್ ಮುಗಿಯುವುದಿಲ್ಲ. ಹಾಗಾಗಿ ಬೇರೆ ಔಷಧ ಕೈಕೊಟ್ಟವರಿಗೆ ಮಾತ್ರ ಅನ್ನುವ ಹಾಗೆ ಇದರ ಬಳಕೆ ಕುಗ್ಗಿದೆ.

ಡಾಕ್ಲಿಜುಮ್ಯಾಬ್ ಅನ್ನುವ ಇನ್ನೊಂದು ಇತ್ತು. 2016ರಲ್ಲಿ ಬಂತು, ಲಿವರ್ ಹಾನಿ ಮತ್ತು ಮಿದುಳಿನ ಉರಿಯೂತದಿಂದ 2018ರಲ್ಲಿ ಹೋಯಿತು. ಹಳೆಯ ಲೇಖನಗಳಲ್ಲಿ ಹೆಸರು ಕಂಡರೆ ಬಿಟ್ಟುಬಿಡಿ.

ಹೆಪಟೈಟಿಸ್ ಬಿ ಕಥೆ

ಒಂದು ಕಡೆ ನಮಗೆ “ಎಲ್ಲ ಟೆಸ್ಟ್ ಆಗಿದೆ, ನಾಳೆ ಡ್ರಿಪ್” ಅಂದರು. ಫೈಲ್ ನೋಡಿದೆ. ಹೆಪಟೈಟಿಸ್ ಬಿ ಕಾಲಂನಲ್ಲಿ ಎಚ್‌ಬಿಎಸ್‌ಎಜಿ ಮಾತ್ರ ಇತ್ತು. ಅದು ಈಗಿನ ಸೋಂಕನ್ನು ತೋರಿಸುತ್ತದೆ. ಹಿಂದೆಂದೋ ಬಂದು ಲಿವರಿನಲ್ಲಿ ಮಲಗಿರುವ ವೈರಸ್ಸಿನ ಸುಳಿವು ಬೇಕಾದರೆ ‘ಕೋರ್ ಆಂಟಿಬಾಡಿ’ ಅನ್ನುವ ಬೇರೆ ಪರೀಕ್ಷೆ ಬೇಕು. ಸಿಡಿ20 ಔಷಧ ಕೊಟ್ಟರೆ ಮಲಗಿದ್ದು ಏಳಬಹುದು, ಲಿವರ್ ಕೆಟ್ಟು ಜೀವಕ್ಕೇ ಬರಬಹುದು. ಔಷಧದ ಪೆಟ್ಟಿಗೆಯೊಳಗಿನ ಕಾಗದದಲ್ಲೇ ಇದು ಬರೆದಿರುತ್ತದೆ. ಒಂದು ದಿನ ಮುಂದಕ್ಕೆ ಹಾಕಿಸಿ ಮಾಡಿಸಿದೆವು, ನೆಗೆಟಿವ್ ಬಂತು. ಅಕ್ಕ “ಸುಮ್ನೆ ಒಂದು ದಿನ ಹೋಯ್ತು” ಅಂದಳು. ಹೋಗಲಿ ಬಿಡು ಅಂದೆ.

ಟಿ.ಬಿ. ಕೂಡ ನಮ್ಮ ದೇಶದಲ್ಲಿ ಬಿಡುವ ಹಾಗಿಲ್ಲ. ಎದೆಯ ಎಕ್ಸ್‌ರೇ, ಜೊತೆಗೆ ಡಾಕ್ಟರು ಹೇಳಿದ ಟಿ.ಬಿ. ಪರೀಕ್ಷೆ ಮಾಡಿಸಿ. ಲಸಿಕೆಗಳನ್ನು ಮೊದಲೇ ಮುಗಿಸಿಕೊಳ್ಳಬೇಕು. ಜೀವಂತ ವೈರಸ್ಸಿನ ಲಸಿಕೆ ಆದರೆ ಕನಿಷ್ಠ ನಾಲ್ಕು ವಾರ ಮುಂಚೆ, ಉಳಿದವು ಔಷಧಕ್ಕೆ ತಕ್ಕ ಹಾಗೆ ಎರಡರಿಂದ ನಾಲ್ಕು ವಾರ ಮುಂಚೆ. ಸಿಡಿ20 ಶುರುವಾದ ಮೇಲೆ ಲಸಿಕೆ ಹಾಕಿಸಿದರೆ ಅರ್ಧಂಬರ್ಧ ಹತ್ತುತ್ತದೆ.

ಮದುವೆ, ಮಗು

ಇದನ್ನು ಡಾಕ್ಟರ ಮುಂದೆ ಕೇಳಲು ಹುಡುಗಿ ನಾಚಿಕೊಂಡಳು, ಅಕ್ಕ ಹೆದರಿದಳು, ಕೇಳಿದವನು ನಾನು. ಎಂ.ಎಸ್. ಇದ್ದವರು ಮದುವೆಯಾಗಬಹುದು, ಮಕ್ಕಳಾಗುತ್ತವೆ. ಔಷಧದ ಆಯ್ಕೆ ಮಾತ್ರ ಇದಕ್ಕೆ ಹೊಂದಬೇಕು. ಓಕ್ರೆಲಿಜುಮ್ಯಾಬ್, ಓಫಟುಮುಮ್ಯಾಬ್‌ಗೆ ಕೊನೆಯ ಡೋಸ್ ಆಗಿ ಆರು ತಿಂಗಳು ಗರ್ಭ ಬೇಡ ಅಂತ ಅಮೆರಿಕದ ಲೇಬಲ್ ಹೇಳುತ್ತದೆ. ರಿಟುಕ್ಸಿಮ್ಯಾಬ್ ಲೇಬಲ್ 12 ತಿಂಗಳು ಅನ್ನುತ್ತದೆ. ಅನುಭವ ಇರುವ ನರತಜ್ಞರು ಕೆಲವೊಮ್ಮೆ ಇದಕ್ಕಿಂತ ಬೇಗ ಒಪ್ಪುತ್ತಾರೆ, ಅದು ಅವರ ತೀರ್ಮಾನ. ಇಲ್ಲಿ ಸಿಡಿ20 ಔಷಧಗಳ ಒಂದು ಒಳ್ಳೆಯ ಗುಣ ಇದೆ. ಔಷಧ ಮೈಯಿಂದ ಹೋದ ಮೇಲೂ ಬಿ-ಕಣಗಳು ತಿರುಗಿ ಬರಲು ತಿಂಗಳುಗಳು ಬೇಕು. ಆ ಬಿಡುವಿನಲ್ಲಿ ಗರ್ಭ ಧರಿಸಿದರೆ ಔಷಧವೂ ಇರುವುದಿಲ್ಲ, ಕಾಯಿಲೆಯೂ ಪೂರ್ತಿ ಎದ್ದಿರುವುದಿಲ್ಲ. ನಟಲಿಜುಮ್ಯಾಬ್‌ನಲ್ಲಿ ಈ ಬಿಡುವು ಇಲ್ಲ. ಹಾಗಾಗಿ ಕೆಲವರಿಗೆ ಗರ್ಭದಲ್ಲೂ ಅದನ್ನು ಮುಂದುವರಿಸುತ್ತಾರೆ, ಮಗುವಿನ ರಕ್ತಕಣಗಳ ಮೇಲೆ ಕಣ್ಣಿಟ್ಟು.

ದುಡ್ಡು

ಹೆಲ್ತ್ ಇನ್ಶೂರೆನ್ಸ್ ಇದ್ದವರು ಇದನ್ನು ನೆನಪಿಡಿ. 2019ರ ಸೆಪ್ಟೆಂಬರಿನಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಒಂದು ಮಾರ್ಗಸೂಚಿ ತಂದಿತು. ಪಾಲಿಸಿಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿ ಅದರಲ್ಲಿದೆ. ಇಂಜೆಕ್ಷನ್ ಆಗಿ ಕೊಡುವ ಮಾನೋಕ್ಲೋನಲ್ ಆಂಟಿಬಾಡಿ ಆ ಪಟ್ಟಿಯಲ್ಲಿದೆ. ಆದರೆ ಅದಕ್ಕೆ ಮಿತಿ ಹಾಕಲು ಕಂಪನಿಗೆ ಅವಕಾಶ ಇದೆ. ನಿಮ್ಮ ಪಾಲಿಸಿಯಲ್ಲಿ ಆ ಮಿತಿ ಎಷ್ಟು ಅಂತ ಹುಡುಕಿ. ನಮ್ಮ ಮೊದಲ ಕ್ಲೇಮನ್ನು “ಈ ಔಷಧ ಕ್ಯಾನ್ಸರಿಗೆ, ನಿಮಗೆ ಕ್ಯಾನ್ಸರ್ ಇಲ್ಲ” ಅಂತ ವಾಪಸ್ ಕಳಿಸಿದ್ದರು. ಡಾಕ್ಟರ ಪತ್ರ, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ, ಎರಡು ತಿಂಗಳ ಫೋನು. ಕೊನೆಗೆ ಮಿತಿಯೊಳಗೆ ಬಂತು. ಮನೆಯಲ್ಲೇ ಹಾಕಿಕೊಳ್ಳುವ ಓಫಟುಮುಮ್ಯಾಬ್‌ಗೆ ಅಡ್ಮಿಷನ್ ಇಲ್ಲದ ಕಾರಣ ಸಾಮಾನ್ಯವಾಗಿ ಕ್ಲೇಮ್ ಕಷ್ಟ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎ.ಪಿ.ಎಲ್.ನವರಿಗೆ ಪ್ಯಾಕೇಜಿನ 30% ಇದೆ. ನಿಮ್ಮ ಔಷಧ ಯಾವ ಪ್ಯಾಕೇಜಿಗೆ ಬರುತ್ತದೆ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನೇ ಕೇಳಬೇಕು. ಇನ್ನೊಂದು ವಿಷಯ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಸ್ಥಿತಿಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಇದೆ. ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೆ ಅರ್ಜಿ ಹಾಕಲು ಸಂಕೋಚ ಬೇಡ.

ಬಿಸಿಲು ಮತ್ತು ಐಸು

ಎರಡನೆಯ ಬೇಸಿಗೆಯಲ್ಲಿ ಅವಳ ಕಣ್ಣು ಮತ್ತೆ ಮಂಜಾಯಿತು. ಔಷಧ ಸೋತಿತು, ಬದಲಿಸಬೇಕು ಅಂತ ಮನೆಯಲ್ಲಿ ಗಲಾಟೆ. ಡಾಕ್ಟರು ಫೋನಿನಲ್ಲಿ ಕೇಳಿದ್ದು ಎರಡೇ ಪ್ರಶ್ನೆ: “24 ಗಂಟೆ ಮೀರಿ ಹಾಗೇ ಇದೆಯಾ? ಜ್ವರ, ಉರಿಮೂತ್ರ ಇದೆಯಾ?” ಎರಡೂ ಇಲ್ಲ. ಮಧ್ಯಾಹ್ನ ಬಿಸಿಲಲ್ಲಿ ಸ್ಕೂಟಿಯಲ್ಲಿ ಬಂದಿದ್ದಳು, ಫ್ಯಾನ್ ಕೆಳಗೆ ಕೂತು ತಣ್ಣೀರು ಹಾಕಿಕೊಂಡ ಮೇಲೆ ಒಂದು ಗಂಟೆಯಲ್ಲಿ ಸರಿಹೋಯಿತು. ಮೈ ಬಿಸಿಯಾದರೆ ಸಿಪ್ಪೆ ಹೋದ ನರ ಮಂಕಾಗುತ್ತದೆ. ಊಥಾಫ್ ಅನ್ನುವ ಜರ್ಮನ್ ಡಾಕ್ಟರು ಇದನ್ನು 1890ರಲ್ಲೇ ಬರೆದಿದ್ದಾರೆ. ಔಷಧ ಬದಲಿಸುವ ಮುಂಚೆ ನಿಜವಾದ ರಿಲ್ಯಾಪ್ಸ್ ಹೌದಾ ಅಂತ ನೋಡಬೇಕು. ಇಲ್ಲದಿದ್ದರೆ ಪ್ರತಿ ಏಪ್ರಿಲ್‌ಗೂ ಒಂದು ಔಷಧ ಸೋಲುತ್ತದೆ.

ಅಂಗಡಿಯವನಾಗಿ ಇನ್ನೊಂದು ಮಾತು. ಬೆಂಗಳೂರಿನಿಂದ ವಯಲ್ ತರುವವರು ಐಸ್ ಜೆಲ್‌ಗೆ ಅಂಟಿಸಿ ತರುತ್ತಾರೆ. ತಣ್ಣಗಿದ್ದಷ್ಟು ಒಳ್ಳೇದು ಅನ್ನುವ ಲೆಕ್ಕ. ಒಬ್ಬರು ತಂದ ವಯಲ್ ಪೂರ್ತಿ ಹೆಪ್ಪುಗಟ್ಟಿತ್ತು. ಒಮ್ಮೆ ಹೆಪ್ಪುಗಟ್ಟಿದ ಆಂಟಿಬಾಡಿ ಕರಗಿದರೂ ಬಳಸಬಾರದು. ನಾನು ಹಾಗೆ ಹೇಳಿದಾಗ ಆ ಯಜಮಾನರು ಅಂಗಡಿಯ ಮೆಟ್ಟಿಲ ಮೇಲೇ ಕೂತುಬಿಟ್ಟರು. ಜೆಲ್ ಮತ್ತು ಪೆಟ್ಟಿಗೆ ನಡುವೆ ದಪ್ಪ ಟವೆಲ್ ಇಡಿ. ಬಾಟಲಿಯನ್ನು ಅಲ್ಲಾಡಿಸಬೇಡಿ. ಮನೆಯ ಫ್ರಿಜ್‌ನಲ್ಲಿ ಬಾಗಿಲಿನ ಕಡೆ ಬೇಡ, ಫ್ರೀಜರ್ ಕೆಳಗೂ ಬೇಡ, ನಡುವಿನ ತಟ್ಟೆಯಲ್ಲಿ ಇಡಿ.

ನಮ್ಮ ಹುಡುಗಿ ಆರಿಸಿದ್ದು ರಿಟುಕ್ಸಿಮ್ಯಾಬ್. ಈಗ ಊರಲ್ಲೇ ಹಾಕಿಸುತ್ತೇವೆ. ಬೆಳಗ್ಗೆ ಒಂಬತ್ತಕ್ಕೆ ಸ್ಟೀರಾಯ್ಡ್, ಅಲರ್ಜಿಯ ಇಂಜೆಕ್ಷನ್, ಆಮೇಲೆ ಡ್ರಿಪ್. ಮುಗಿದ ಮೇಲೆ ಒಂದು ಗಂಟೆ ಕಾಯಬೇಕು. ಸ್ಟೀರಾಯ್ಡ್ ಹಸಿವಿಗೆ ಆ ಒಂದು ಗಂಟೆ ಅವಳಿಗೆ ತಡೆಯುವುದಿಲ್ಲ. ಕಾಯುವಾಗಲೇ ಫೋನ್ ಬರುತ್ತದೆ: “ಮಾಮ, ಬರ್ತಾ ಮಂಡಕ್ಕಿ ಮೆಣಸಿನಕಾಯಿ ತಗೊಂಡ್ ಬಾ, ಎರಡು ಪ್ಲೇಟು.”